ಔಷಧಗಳ ಕಾಲಂನಲ್ಲಿ ‘ಇಲ್ಲ’ ಎಂದು ಬರೆದ ತಪ್ಪಿನ ಕುರಿತು

ಇವರಿಗೆ: ನಮ್ಮ ಕನ್ನಡ ಕೂಟದ ವಾರ್ಷಿಕ ಸಂಚಿಕೆಯ ಸಂಪಾದಕ ಮಂಡಳಿ, ಹ್ಯೂಸ್ಟನ್.
ಇವರಿಂದ: ಸುಮಂಗಲಾ ಕುಲಕರ್ಣಿ, ಕೇಟಿ.
ವಿಷಯ: ಚಂಡಮಾರುತದ ನಂತರ ನನ್ನ ತಲೆಗೆ ಬಿದ್ದ ಪೆಟ್ಟು, ಅದರ ಚಿಕಿತ್ಸೆ ಹಾಗೂ ನಾನು ಮೂರು ಊರುಗಳಲ್ಲಿ ಸಲ್ಲಿಸಿದ ತಪ್ಪು ಮಾಹಿತಿ.
ಉಲ್ಲೇಖ: ಸದಸ್ಯರು ತಮ್ಮ ಅನುಭವ ಬರೆದು ಕಳುಹಿಸಬೇಕೆಂಬ ತಮ್ಮ ಸಂದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನಾನು ಇದುವರೆಗೆ ಯಾವ ಸಂಚಿಕೆಗೂ ಬರೆದವಳಲ್ಲ ಎಂಬುದನ್ನು ಮೊದಲೇ ತಮ್ಮ ಗಮನಕ್ಕೆ ತರುತ್ತಿದ್ದೇನೆ. ಈ ದೇಶಕ್ಕೆ ಬರುವ ಮುಂಚೆ ಧಾರವಾಡದ ಒಂದು ಸರ್ಕಾರಿ ಕಚೇರಿಯಲ್ಲಿ ಹನ್ನೊಂದು ವರ್ಷ ಪ್ರಥಮ ದರ್ಜೆ ಸಹಾಯಕಿಯಾಗಿದ್ದೆ. ಶಾಲೆಗಳಿಂದ ಬರುವ ನಮೂನೆಗಳನ್ನು ಪರಿಶೀಲಿಸುವುದು, ಯಾವುದಾದರೂ ಕಾಲಂ ಸರಿಯಾಗಿ ತುಂಬಿರದಿದ್ದರೆ ‘ಅಪೂರ್ಣವಾಗಿರುವುದರಿಂದ ಮರಳಿಸಿದೆ’ ಎಂದು ಷರಾ ಬರೆದು ವಾಪಸು ಕಳುಹಿಸುವುದು ನನ್ನ ಕೆಲಸವಾಗಿತ್ತು. ನನಗೆ ಗೊತ್ತಿರುವ ಬರವಣಿಗೆ ಅದೊಂದೇ. ಆದ್ದರಿಂದ ಈ ಲೇಖನವೂ ಪತ್ರದ ರೂಪದಲ್ಲೇ ಇದೆ. ಮೂರು ಸಲ ಹರಿದುಹಾಕಿ ನಾಲ್ಕನೆಯ ಸಲ ಬರೆಯುತ್ತಿದ್ದೇನೆ. ದೋಷಗಳಿದ್ದಲ್ಲಿ ತಾವೇ ತಿದ್ದಿಕೊಳ್ಳಬೇಕಾಗಿ ಕೋರಿಕೆ.

ನನಗೆ ಪೆಟ್ಟಾದದ್ದು ಚಂಡಮಾರುತದಲ್ಲಿ ಎಂದು ಎಲ್ಲರೂ ಹೇಳುತ್ತಾರೆ. ಅದು ಅಷ್ಟು ಸರಿಯಲ್ಲ. ಗಾಳಿ ಬೀಸುತ್ತಿದ್ದಾಗ ನಾವು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ತಲೆಯ ಮೇಲೆ ಹಾಸಿಗೆ ಎಳೆದುಕೊಂಡು ಕ್ಷೇಮವಾಗಿದ್ದೆವು. ಪೆಟ್ಟಾದದ್ದು ಗಾಳಿ ನಿಂತ ಮರುದಿನ, ಕಣ್ಣು ಕುಕ್ಕುವ ಬಿಸಿಲಿನಲ್ಲಿ, ನಮ್ಮದೇ ಹಿತ್ತಲಿನಲ್ಲಿ. ಕರೆಂಟು ಇರಲಿಲ್ಲ. ನಮ್ಮ ಯಜಮಾನರು ಅರವಿಂದ ಅವರು ಐಸ್ ತರಲು ಹೋಗಿ ಸರದಿಯಲ್ಲಿ ನಿಂತಿದ್ದರು. ತುಳಸಿ ಕುಂಡ ಉರುಳಿಬಿದ್ದದ್ದನ್ನು ಕಂಡು ಎತ್ತಿಡಲು ಹೋದೆ. ನಮ್ಮ ಮತ್ತು ಪಕ್ಕದ ಮನೆಯ ನಡುವಿನ ಮರದ ಬೇಲಿ ಅರ್ಧ ಕಿತ್ತು, ಬಾಗಿ ನಿಂತಿತ್ತು. ನಾನು ಕುಂಡಕ್ಕೆ ಬಗ್ಗಿದೆ. ಸದರಿ ಬೇಲಿಯೂ ಬಗ್ಗಿತು. ಅದರ ಮೇಲಿನ ಅಡ್ಡಪಟ್ಟಿ ನನ್ನ ಬಲಗಿವಿಯ ಮೇಲ್ಭಾಗಕ್ಕೆ ಬಡಿಯಿತು.

ಎಚ್ಚರ ತಪ್ಪಲಿಲ್ಲ. ರಕ್ತ ಬರಲಿಲ್ಲ. ನಿಂಬೆಹಣ್ಣಿನಷ್ಟು ಬುಗುಟೆ ಎದ್ದಿತು. ಯಜಮಾನರು ಬಂದಾಗ ನಾನು ಅಡುಗೆಮನೆಯ ನೆಲದ ಮೇಲೆ ಕುಳಿತಿದ್ದೆ.

“ಐಸ್ ಸಿಕ್ತೇನ್ರಿ?” ಎಂದು ಕೇಳಿದೆ.

“ಎರಡು ಚೀಲ ಸಿಕ್ತು. ಯಾಕ, ಏನಾತು?”

ಹೇಳಿದೆ. ಅವರು ತಲೆ ಮುಟ್ಟಿ ನೋಡಿದರು. “ಹಂಗಾರ ಒಂದು ಚೀಲ ಹಾಲಿಗೆ, ಒಂದು ನಿನ್ನ ತಲೀಗೆ,” ಎಂದರು. ಆದರೂ ಕಾರಿನ ಕೀಲಿ ಕೆಳಗಿಡಲಿಲ್ಲ. ನೇರವಾಗಿ ಆಸ್ಪತ್ರೆಗೆ ಕರೆದೊಯ್ದರು.

ತುರ್ತು ಚಿಕಿತ್ಸಾ ವಿಭಾಗದ ಕಾಯುವ ಕೋಣೆಯಲ್ಲಿ ಅಂದು ಐದು ತಾಸು ಕಳೆದೆವು. ಇಡೀ ಪಶ್ಚಿಮ ಹ್ಯೂಸ್ಟನ್ ಅಲ್ಲಿ ಬಂದು ಕುಳಿತಂತಿತ್ತು. ಮರ ಕಡಿಯಲು ಹೋಗಿ ಕೈ ಕೊಯ್ದುಕೊಂಡವರು, ಛಾವಣಿಯಿಂದ ಜಾರಿದವರು, ಆಮ್ಲಜನಕದ ಯಂತ್ರಕ್ಕೆ ಕರೆಂಟಿಲ್ಲದೆ ಬಂದ ಮುದುಕರು. ಕೈಗೆ ಟವೆಲ್ ಸುತ್ತಿಕೊಂಡಿದ್ದ ಒಬ್ಬ ಹೆಂಗಸು ಗೋಡೆಯ ಪ್ಲಗ್ಗಿನ ಪಕ್ಕದ ತನ್ನ ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟು, “ನಿಮ್ಮ ಫೋನು ಸಾಯುತ್ತಿದೆ, ಇಲ್ಲಿ ಕೂತುಕೊಳ್ಳಿ” ಎಂದಳು. ಅವಳ ಹೆಸರು ಕೇಳಲಿಲ್ಲ. ಆ ದಿನ ನನಗೆ ಯಾರಾದರೂ ಕೇಳದೆ ಮಾಡಿದ ಉಪಕಾರವಿದ್ದರೆ ಅದೊಂದೇ.

ಅಲ್ಲಿ ಒಂದು ನಮೂನೆ ಕೊಟ್ಟರು. ‘ನೀವು ಈಗ ತೆಗೆದುಕೊಳ್ಳುತ್ತಿರುವ ಔಷಧಗಳು’ ಎಂಬ ಕಾಲಂ ಇತ್ತು. ತಲೆ ಸಿಡಿಯುತ್ತಿದ್ದರೂ ದುಂಡಗಿನ ಇಂಗ್ಲಿಷ್ ಅಕ್ಷರದಲ್ಲಿ ‘ಇಲ್ಲ’ ಎಂದು ಬರೆದೆ. ತಪ್ಪು ಮಾಹಿತಿ ಸಲ್ಲಿಸಿದ್ದು ಇದು ಮೊದಲನೆಯ ಸಲ. ಅದು ಏಕೆ ತಪ್ಪು ಎಂಬುದು ಐದು ವಾರಗಳ ನಂತರ ತಿಳಿಯಿತು. ಈ ಪತ್ರದಲ್ಲಿಯೂ ಅದರ ಸ್ಥಾನ ಮುಂದೆ ಇದೆ.

ತಲೆಯ ಸ್ಕ್ಯಾನ್ ಮಾಡಿದರು. ಎಲ್ಲವೂ ಸರಿಯಾಗಿದೆ, ಮಿದುಳಿಗೆ ಸ್ವಲ್ಪ ಅಲುಗಾಟವಾಗಿದೆ, ವಿಶ್ರಾಂತಿ ಬೇಕು ಎಂದರು. ಮನೆಗೆ ಕಳುಹಿಸುವಾಗ ಎರಡು ಪುಟದ ಸೂಚನಾಪತ್ರ ಕೊಟ್ಟರು. ಯಾವ ಲಕ್ಷಣ ಕಂಡರೆ ಕೂಡಲೇ ಮರಳಿ ಬರಬೇಕು ಎಂದು ಅದರಲ್ಲಿ ಬರೆದಿತ್ತು. ನಾನು ಅದಕ್ಕೆ ರಂಧ್ರ ಹೊಡೆದು ಕಡತದಲ್ಲಿ ಪೋಣಿಸಿದೆ. ಓದಲಿಲ್ಲ.

ಮುಂದಿನ ವಾರಗಳಲ್ಲಿ ತಲೆನೋವು ಹೋಗಲಿಲ್ಲ. ಬೆಳಿಗ್ಗೆ ಎದ್ದಾಗ ಹೆಚ್ಚು, ಬಗ್ಗಿದರೆ ಇನ್ನೂ ಹೆಚ್ಚು. ಆದರೆ ತಲೆನೋವಿಗಿಂತ ಹೆಚ್ಚಾಗಿ ನನ್ನನ್ನು ದಣಿಸಿದ್ದು ಸಲಹೆಗಳು. ಇದನ್ನು ಯಾರನ್ನೂ ನೋಯಿಸಲು ಬರೆಯುತ್ತಿಲ್ಲ. ಬೀದಿಯ ಕೊನೆಯ ಮನೆಯ ವಸುಧಾ ಮೈಸೂರಿನವರು, ಬಹಳ ಒಳ್ಳೆಯವರು. ಅವರು ಹೆಸರುಬೇಳೆ ಪಾಯಸದ ಜೊತೆಗೆ ಒಂದು ಬಾಟಲಿ ಹರಳೆಣ್ಣೆ ತಂದರು.

“ನೆತ್ತಿಗೆ ತಟ್ಟಿಕೊಂಡು ಮಲಗಿ ಸುಮಂಗಲಾ ಅವರೇ, ತಣ್ಣಗಾಗತ್ತೆ. ನಮ್ಮತ್ತೆಗೆ ಹೀಗೇ ವಾಸಿ ಆಗಿದ್ದು.”

“ಅವರ ತಲೀ ಮ್ಯಾಲೂ ಬೇಲಿ ಬಿದ್ದಿತ್ತೇನ್ರಿ?”

“ಇಲ್ಲಪ್ಪ. ಅವರದು ಪಿತ್ತ.”

ಒಬ್ಬರು ಮೊಬೈಲ್ ನೋಡಬೇಡಿ ಎಂದರು; ಅದನ್ನು ಮೊಬೈಲಿಗೇ ಕಳುಹಿಸಿದ್ದರು. ಇನ್ನೊಬ್ಬರು ದೃಷ್ಟಿ ತೆಗೆಸಿಕೊಳ್ಳಲು ಹೇಳಿದರು. ಯಜಮಾನರು, “ನೀ ಅದನ್ನ ಭಾಳ ವಿಚಾರ ಮಾಡ್ತಿ, ಅದಕ್ಕ ನೋಯ್ತದ,” ಎಂದು ತೀರ್ಮಾನಿಸಿದರು. ನನ್ನ ತಲೆಯ ಕುರಿತು ಎಲ್ಲರ ಬಳಿಯೂ ಉತ್ತರವಿತ್ತು. ಪ್ರಶ್ನೆ ಮಾತ್ರ ಯಾರೂ ಕೇಳಲಿಲ್ಲ.

ಮೂರನೆಯ ವಾರ ನನ್ನ ಮೈದುನ ಶ್ರೀಧರನ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಅವನ ಮನೆ ಡಲ್ಲಾಸ್ ಹತ್ತಿರದ ಯೂಲೆಸ್‌ನಲ್ಲಿ. ವಿಮಾನಗಳು ಅವರ ಛಾವಣಿಯನ್ನು ಸವರಿಕೊಂಡೇ ಇಳಿಯುತ್ತವೆ. ಪ್ರತಿ ವಿಮಾನಕ್ಕೂ ನನ್ನ ತಲೆಯೊಳಗೆ ಏನೋ ನಡುಗುತ್ತಿತ್ತು. ಶ್ರೀಧರ ವೈದ್ಯ. ಮಕ್ಕಳ ವೈದ್ಯ ಎಂಬುದನ್ನು ಇಲ್ಲಿ ನಮೂದಿಸಬೇಕು. ನಮ್ಮ ಮನೆತನದಲ್ಲಿ ಅವನೊಬ್ಬನೇ ವೈದ್ಯನಾದ ಕಾರಣ ಮೊಣಕಾಲು, ಹಲ್ಲು, ಬಸಿರು, ಬಾಣಂತನ ಎಲ್ಲದಕ್ಕೂ ಅವನ ಮಾತೇ ಅಂತಿಮ. ಅಡುಗೆಮನೆಯಲ್ಲಿ ನನ್ನನ್ನು ಫ್ರಿಜ್ಜಿಗೆ ಒರಗಿಸಿ ನಿಲ್ಲಿಸಿ ಫೋನಿನ ದೀಪ ಕಣ್ಣಿಗೆ ಬಿಟ್ಟ.

“ವೈನಿ, ಬೆರಳು ಎಷ್ಟವ ಹೇಳ್ರಿ.”

“ಎರಡು. ಒಂದರಾಗ ಉಂಗುರ ಅದ. ಬಿಗಿ ಆಗೇದ ಅದು ನಿನಗ.”

“ನಿಮ್ಮ ತಲಿ ನನ್ನಕಿಂತ ಛಲೋ ಅದ ಬಿಡ್ರಿ,” ಎಂದು ನಕ್ಕ. “ಸ್ಕ್ಯಾನ್ ನಾರ್ಮಲ್ ಬಂದದ. ಇದಕ್ಕ ಟೈಮ್ ಹಿಡೀತದ, ಅಷ್ಟ.”

ಅದೇ ಮಧ್ಯಾಹ್ನ ಪ್ರಸಾದದ ತಟ್ಟೆ ನನ್ನ ಎಡಗೈಯಿಂದ ಜಾರಿ ಬಿತ್ತು. ಸಪಾದ ಭಕ್ಷ್ಯವೆಲ್ಲ ನೆಲದ ಪಾಲಾಯಿತು. “ಲಕ್ಷ್ಯ ಎಲ್ಲೆ ಇಟ್ಟೀದಿ?” ಎಂದು ಯಜಮಾನರು ಎಲ್ಲರೆದುರು ಕೇಳಿದರು. ಲಕ್ಷ್ಯ ತಟ್ಟೆಯ ಮೇಲೆಯೇ ಇತ್ತು. ಕೈ ಇರಲಿಲ್ಲ. ಅದನ್ನು ಹೇಗೆ ಹೇಳಬೇಕೆಂದು ತಿಳಿಯದೆ ಬಟ್ಟೆ ತಂದು ನೆಲ ಒರೆಸಿದೆ. ಮರುದಿನ ಶ್ರೀಧರ ತನ್ನ ಗೆಳೆಯನ ಕ್ಲಿನಿಕ್ಕಿಗೆ ಕಳುಹಿಸಿದ. ಅಲ್ಲಿಯೂ ನಮೂನೆ, ಅದೇ ಕಾಲಂ, ಅದೇ ‘ಇಲ್ಲ’. ತಲೆನೋವಿಗೆ ಹೊಸ ಮಾತ್ರೆ ಬರೆದುಕೊಟ್ಟರು; ಅದು ಒಗ್ಗದೆ ನಾಲ್ಕೇ ದಿನಕ್ಕೆ ಬಿಟ್ಟೆ. ತಪ್ಪು ಮಾಹಿತಿಯ ಎರಡನೆಯ ಸಲ್ಲಿಕೆ ಹೀಗಾಯಿತು.

ಐದನೆಯ ವಾರ ನಮ್ಮ ಮಗಳು ಮೇಧಾ ಆಸ್ಟಿನ್‌ನಿಂದ ಬಂದಳು. ಅವಳು ಅಲ್ಲಿ ನೌಕರಿ ಮಾಡುತ್ತಾಳೆ. ಚಂಡಮಾರುತದಿಂದ ಮನೆ ಬಿಟ್ಟು ಅತ್ತ ಹೋದವರಿಗಾಗಿ ತೆರೆದಿದ್ದ ಆಸರೆ ಕೇಂದ್ರದಲ್ಲಿ ಶನಿವಾರಗಳಂದು ಊಟ ಬಡಿಸಲು ಹೋಗುತ್ತಿದ್ದಳು. ಅಲ್ಲಿಗೆ ಡಾ. ಲಿನ್ ಎಂಬ ಚೀನೀ ವೈದ್ಯ ಪದ್ಧತಿಯ ಒಬ್ಬ ಮಹಿಳೆ ಬಂದು, ನಿದ್ರೆ ಬಾರದವರ, ಬೆದರಿದವರ ಕಿವಿಗೆ ಸಣ್ಣ ಸೂಜಿಗಳನ್ನು ಚುಚ್ಚಿ ಕೂರಿಸುತ್ತಿದ್ದರಂತೆ. ಜನ ಕುರ್ಚಿಯಲ್ಲೇ ನಿದ್ದೆ ಹೋಗುತ್ತಿದ್ದರಂತೆ. ತಲೆಗೆ ಪೆಟ್ಟಾದವರಿಗೆ ಅವರಲ್ಲಿ ಬೇರೆ ಕ್ರಮವಿದೆ, ಬೇರುಗಳ ಕಷಾಯವಿದೆ ಎಂದು ಮೇಧಾ ಕೇಳಿಕೊಂಡು ಬಂದಿದ್ದಳು.

“ಅಮ್ಮ, ಜಸ್ಟ್ ಒಂದ್ಸಲ. ಪ್ಲೀಸ್. ಯು ಆರ್ ನಾಟ್ ಓಕೆ.”

“ಚೀನಾದ ಸೂಜೀನ?” ಎಂದರು ಯಜಮಾನರು. “ಶ್ರೀಧರಗ ಒಂದು ಮಾತು ಕೇಳು.”

ಶ್ರೀಧರ ಫೋನಿನಲ್ಲಿ, “ಮನಸ್ಸಿನ ಸಮಾಧಾನಕ್ಕ ಬೇಕಾದ್ರ ಚುಚ್ಚಿಸ್ಕೊರಿ ವೈನಿ. ಬೇರು ಗೀರು ಮಾತ್ರ ಕುಡೀಬ್ಯಾಡ್ರಿ,” ಎಂದ. ಅವನ ಆ ಮಾತು ಸರಿಯಾಗಿತ್ತು ಎಂಬುದನ್ನು ನ್ಯಾಯವಾಗಿ ದಾಖಲಿಸುತ್ತೇನೆ. ಕಾರಣ ಮಾತ್ರ ಅವನಿಗೂ ಗೊತ್ತಿರಲಿಲ್ಲ.

ನನಗೆ ಚೀನೀ ವೈದ್ಯದಲ್ಲಿ ನಂಬಿಕೆಯಿತ್ತೇ ಎಂದು ಯಾರಾದರೂ ಕೇಳಿದರೆ, ಇರಲಿಲ್ಲ. ಅಪನಂಬಿಕೆಯೂ ಇರಲಿಲ್ಲ. ಆ ಹೊತ್ತಿಗೆ ನಾನು ಎಷ್ಟು ಬೇಸತ್ತಿದ್ದೆನೆಂದರೆ, ಯಾರಾದರೂ ಗೋಡೆಗೆ ತಲೆ ಒತ್ತಿ ನಿಲ್ಲು ಎಂದಿದ್ದರೂ ನಿಲ್ಲುತ್ತಿದ್ದೆ. ಮೂರು ತಾಸು ಕಾರಿನಲ್ಲಿ ಕುಳಿತು ಆಸ್ಟಿನ್‌ಗೆ ಹೋದೆ.

ಡಾ. ಲಿನ್ ಅವರ ಕ್ಲಿನಿಕ್ ಒಂದು ಹಲ್ಲಿನ ಆಸ್ಪತ್ರೆ ಮತ್ತು ಒಂದು ಬೇಕರಿಯ ನಡುವೆ ಇದೆ. ಒಳಗೆ ಕಾಲಿಟ್ಟರೆ ನಮ್ಮೂರಿನ ಬೇರು ನಾರಿನ ಅಂಗಡಿಯ ವಾಸನೆ. ಬಾಗಿಲ ಬಳಿ ಪಾದರಕ್ಷೆ ಬಿಡುವ ಹಲಗೆ ಇತ್ತು; ನಾನು ಅದನ್ನು ದಾಟಿ ಹಾಗೆಯೇ ಒಳಗೆ ಹೋದೆ. ಅಲ್ಲಿಯೂ ನಮೂನೆ ತುಂಬಿಸಿಕೊಂಡರು. ಔಷಧಗಳ ಕಾಲಂನಲ್ಲಿ ಮೂರನೆಯ ‘ಇಲ್ಲ’ ಬರೆದುಕೊಟ್ಟೆ. ಡಾ. ಲಿನ್ ಹೊರಗೆ ಬಂದರು. ಸುಮಾರು ನನ್ನದೇ ವಯಸ್ಸು, ಬೆಳ್ಳಗಾದ ಗಿಡ್ಡ ಕೂದಲು. ಅವರು ನನ್ನ ಮುಖ ನೋಡಲಿಲ್ಲ. ಕಾಲು ನೋಡಿದರು.

“ನಿಮ್ಮ ಇನ್ನೊಂದು ಚಪ್ಪಲಿ ಎಲ್ಲಿ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನನ್ನ ಬಲಗಾಲಿನಲ್ಲಿ ಚಪ್ಪಲಿ ಇತ್ತು. ಎಡಗಾಲು ಬರಿದಾಗಿತ್ತು. ಮೇಧಾ ಹೊರಗೆ ಓಡಿದಳು. ಕಾರಿನಿಂದ ಬಾಗಿಲವರೆಗಿನ ಕಾದ ಡಾಂಬರಿನ ಮೇಲೆ ಅದು ಅರ್ಧದಾರಿಯಲ್ಲೇ ಬಿದ್ದಿತ್ತು. ಅಷ್ಟು ದೂರ ಬರಿಗಾಲಿನಲ್ಲಿ ನಡೆದದ್ದು ನನಗೆ ತಿಳಿದೇ ಇರಲಿಲ್ಲ. ಮೇಧಾ, “ಅಮ್ಮ, ಸೀರಿಯಸ್ಲಿ?” ಎಂದು ನಗಲು ಹೋಗಿ ಡಾ. ಲಿನ್ ಅವರ ಮುಖ ನೋಡಿ ಚಪ್ಪಲಿಯನ್ನು ನನ್ನ ಕಾಲ ಬಳಿ ಇಟ್ಟಳು.

ಒಳಗೆ ಕೂರಿಸಿ ಎರಡೂ ಮಣಿಕಟ್ಟುಗಳ ಮೇಲೆ ಮೂರು ಮೂರು ಬೆರಳಿಟ್ಟು ಬಹಳ ಹೊತ್ತು ನಾಡಿ ನೋಡಿದರು. ನಾಲಿಗೆ ಹೊರಚಾಚಿಸಿ, ಮೇಲಕ್ಕೆ ಮಡಿಸಲು ಹೇಳಿ ಅಡಿಭಾಗವನ್ನೂ ನೋಡಿದರು. ತೋಳು ಮೇಲೇರಿಸಿದಾಗ ಅಲ್ಲಲ್ಲಿ ನೀಲಿಗಟ್ಟಿದ ಕಲೆಗಳು ಕಂಡವು. “ಇವು ಯಾವಾಗ ಆದವು?” ಎಂದರು. “ನನ್ನ ಚರ್ಮವೇ ಹಾಗೆ, ಮುಟ್ಟಿದರೆ ಕಲೆಯಾಗುತ್ತದೆ,” ಎಂದೆ. ಅವರು ನಮೂನೆಯನ್ನು ಎತ್ತಿಕೊಂಡು ‘ಇಲ್ಲ’ ಎಂಬುದನ್ನು ಓದಿ, ಅದನ್ನು ಬೋರಲಾಗಿ ಇಟ್ಟರು.

“ಔಷಧದ ಮಾತು ಬೇಡ,” ಎಂದರು. “ಬೆಳಿಗ್ಗೆ ಏಳುತ್ತೀರಿ. ಅಲ್ಲಿಂದ ಬಾಯಿಗೆ ಏನೇನು ಹಾಕುತ್ತೀರಿ, ಒಂದೊಂದಾಗಿ ಹೇಳಿ.”

ಇಂಗ್ಲಿಷಿನಲ್ಲಿ ತಡವರಿಸುವುದು ಬೇಡವೆಂದು ಕನ್ನಡದಲ್ಲೇ ಹೇಳಿದೆ. ಮೇಧಾ ತಿಳಿಸುತ್ತ ಹೋದಳು. “ಬಿಸಿನೀರು. ನೆನಸಿದ ಬದಾಮಿ ನಾಲ್ಕು. ಚಹಾ. ಅವಲಕ್ಕಿ. ಗುಳಿಗಿ. ಆಮ್ಯಾಲೆ ದೇವರ ಪೂಜಿ.”

ಮೇಧಾ ಅವಲಕ್ಕಿಯವರೆಗೆ ಬಂದು ನಿಂತಳು. “ಅಮ್ಮ, ಯಾವ ಗುಳಿಗಿ?”

“ಅದ, ಮಾಮಾ ಕಳಸ್ತಾನಲ್ಲ. ಸಕ್ರಿ ಡಬ್ಬಿ ಬಾಜೂಕಿಂದು.”

“ದಟ್ ಈಸ್ ವಿಟಮಿನ್, ರೈಟ್?”

“ಅಲ್ಲ. ಹಾರ್ಟಿಂದು.”

ಇಲ್ಲಿ ವಿವರಣೆ ಅಗತ್ಯ. ಒಂಬತ್ತು ವರ್ಷಗಳ ಹಿಂದೆ ರಜೆಗೆ ಧಾರವಾಡಕ್ಕೆ ಹೋದಾಗ ನನಗೆ ಎದೆನೋವು ಬಂದಿತ್ತು. ಅಲ್ಲಿಯ ನಮ್ಮ ವೈದ್ಯರು ರಕ್ತ ತೆಳುವಾಗಿಸುವ ಒಂದು ಸಣ್ಣ ಮಾತ್ರೆ ಕೊಟ್ಟು ದಿನಕ್ಕೊಂದು ತಪ್ಪದೆ ತೆಗೆದುಕೊಳ್ಳಿ ಎಂದಿದ್ದರು. ಅಂದಿನಿಂದ ಪ್ರತಿ ವರ್ಷ ಆ ಕಡೆಯಿಂದ ಯಾರು ಬಂದರೂ ಅವರ ಸೂಟ್‌ಕೇಸಿನಲ್ಲಿ ನನ್ನ ಅಣ್ಣ ಚಟ್ನಿಪುಡಿಯ ಜೊತೆ ಆ ಮಾತ್ರೆಗಳ ಕಟ್ಟು ಕಳುಹಿಸುತ್ತಾನೆ. ಇಲ್ಲಿಯ ಯಾವ ವೈದ್ಯರೂ ಅದನ್ನು ಬರೆದುಕೊಟ್ಟಿಲ್ಲ. ಆದ್ದರಿಂದ ಇಲ್ಲಿಯ ನಮೂನೆಗೂ ಅದಕ್ಕೂ ಸಂಬಂಧವಿಲ್ಲ ಎಂದು ನಾನು ಭಾವಿಸಿದ್ದೆ. ಬರೆದರೆ ಎಲ್ಲಿಂದ ತಂದಿರಿ, ಯಾರು ತಂದರು ಎಂದು ಕೇಳಿಯಾರು ಎಂಬ ಅಳುಕೂ ಇತ್ತು. ಅದಕ್ಕಿಂತ ದೊಡ್ಡ ಸತ್ಯವೆಂದರೆ, ಒಂಬತ್ತು ವರ್ಷ ಅವಲಕ್ಕಿಯ ಮೇಲೆ ನುಂಗಿದ ವಸ್ತು ನನ್ನ ಲೆಕ್ಕದಲ್ಲಿ ಅವಲಕ್ಕಿಯೇ ಆಗಿತ್ತು. ಪೆಟ್ಟು ಬಿದ್ದ ಮರುದಿನದಿಂದಲೂ ಒಂದು ದಿನ ತಪ್ಪಿಸಿರಲಿಲ್ಲ. ಆ ವಿಷಯದಲ್ಲಿ ನನ್ನ ಶಿಸ್ತು ಸಂಪೂರ್ಣವಾಗಿತ್ತು.

ಅದು ರಕ್ತ ತೆಳುವಾಗಿಸುವ ಮಾತ್ರೆ ಎಂದು ಮೇಧಾ ತಿಳಿಸಿದ ಕೂಡಲೇ ಡಾ. ಲಿನ್ ಸೂಜಿಗಳ ಪೆಟ್ಟಿಗೆಯ ಮುಚ್ಚಳ ಹಾಕಿದರು.

“ಪೆಟ್ಟು ಬಿದ್ದಲ್ಲಿ ನಿಂತ ರಕ್ತವನ್ನು ಹರಿಸುವ ಬೇರುಗಳು ನಮ್ಮಲ್ಲಿವೆ. ನಿಮ್ಮ ಮಗಳು ಕೇಳಿದ್ದೂ ಅವನ್ನೇ,” ಎಂದರು. “ಅದಕ್ಕೇ ನಾನು ಮೊದಲು ಇದನ್ನು ಕೇಳುತ್ತೇನೆ. ನಿಮ್ಮ ರಕ್ತ ಒಳಗೆ ಎಲ್ಲಾದರೂ ಹರಿಯುತ್ತಿರಬಹುದು. ಅದನ್ನು ನನ್ನ ಬೆರಳು ಹೇಳಲಾರದು, ಸ್ಕ್ಯಾನ್ ಹೇಳುತ್ತದೆ. ಇವತ್ತು ಸೂಜಿಯೂ ಇಲ್ಲ, ಕಷಾಯವೂ ಇಲ್ಲ. ಇಲ್ಲಿಂದ ನೇರ ಆಸ್ಪತ್ರೆಗೆ ಹೋಗಿ.”

ನನಗೆ ಕೃತಜ್ಞತೆ ಉಂಟಾಯಿತು ಎಂದು ಬರೆಯಬೇಕಿತ್ತು. ಉಂಟಾದದ್ದು ಸಿಟ್ಟು. ಮೂರು ತಾಸು ಬಂದದ್ದು ವಾಪಸು ಕಳುಹಿಸಿಕೊಳ್ಳಲಿಕ್ಕೇ? ಅವರು ನನ್ನ ಸಿಟ್ಟನ್ನು ಕಂಡು, ನಮೂನೆಯ ಮೇಲೆ ಬೆರಳಿಟ್ಟು, “ನನ್ನ ತಾಯಿಯೂ ಆಸ್ಪತ್ರೆಯಲ್ಲಿ ‘ಇಲ್ಲ’ ಎಂದೇ ಬರೆಯುತ್ತಾರೆ. ಅವರ ಚೀಲದಲ್ಲಿ ಹನ್ನೆರಡು ಬಗೆಯ ಔಷಧಗಳಿರುತ್ತವೆ,” ಎಂದರು. ಬಳಿಕ ಒಂದು ಚೀಟಿಯಲ್ಲಿ ಮಾತ್ರೆಯ ವಿವರ, ಕಲೆಗಳು, ಚಪ್ಪಲಿ, ಎಲ್ಲವನ್ನೂ ಬರೆದು ಮೇಧಾಳ ಕೈಗೆ ಕೊಟ್ಟರು. ಹನ್ನೊಂದು ವರ್ಷ ನಾನು ಇತರರ ಅರ್ಜಿಗಳನ್ನು ಮರಳಿಸಿದ್ದೆ. ಅಂದು ನನ್ನದನ್ನು ಮರಳಿಸಲಾಯಿತು.

ಆಸ್ಟಿನ್‌ನ ಆಸ್ಪತ್ರೆಯಲ್ಲಿ ತೆಗೆದ ಸ್ಕ್ಯಾನ್‌ನಲ್ಲಿ ತಲೆಬುರುಡೆಗೂ ಮಿದುಳಿಗೂ ನಡುವೆ, ಬಲಭಾಗದಲ್ಲಿ, ರಕ್ತ ಶೇಖರವಾಗಿದ್ದುದು ಕಂಡಿತು. ಐದು ವಾರಗಳಿಂದ ಹನಿಹನಿಯಾಗಿ ಸೋರಿ ಮಿದುಳನ್ನು ಪಕ್ಕಕ್ಕೆ ಒತ್ತುತ್ತಿತ್ತು. ನನ್ನ ಎಡಗೈ, ಎಡಗಾಲು ಮಾತು ಕೇಳದಿದ್ದುದು ಅದಕ್ಕೇ. ಇನ್ನು ಕೆಲವು ದಿನ ಬಿಟ್ಟಿದ್ದರೆ, ಅದರ ಮೇಲೆ ರಕ್ತ ಹರಿಸುವ ಕಷಾಯವನ್ನೂ ಕುಡಿದಿದ್ದರೆ ಏನಾಗುತ್ತಿತ್ತೆಂದು ಮೇಧಾ ಶಸ್ತ್ರವೈದ್ಯರನ್ನು ಕೇಳಿದಳು. ಅವರು ಸಹಿಯ ಕಾಗದ ಮುಂದಿಟ್ಟರು. ತಲೆಬುರುಡೆಗೆ ಎರಡು ರಂಧ್ರ ಕೊರೆದು ರಕ್ತ ಹೊರತೆಗೆಯಬೇಕಿತ್ತು.

ಯಜಮಾನರು ಕೇಟಿಯಿಂದ ಒಬ್ಬರೇ ಡ್ರೈವ್ ಮಾಡಿಕೊಂಡು ಬಂದರು. ನನ್ನ ಎಡಗೈಯನ್ನು ಹಿಡಿದು ಕುಳಿತರು. ಅವರು ಹಿಡಿದಿದ್ದಾರೆಂದು ನನಗೆ ಕಣ್ಣಿನಿಂದ ತಿಳಿಯಿತು, ಕೈಯಿಂದ ಅಷ್ಟಾಗಿ ಅಲ್ಲ. ಆಗ ಮೊದಲ ಬಾರಿಗೆ ಹೆದರಿದೆ. ಸಾವಿಗಿಂತ ಹೆಚ್ಚಾಗಿ, ಎದ್ದ ಮೇಲೆ ಅಕ್ಷರಗಳು ನನ್ನಲ್ಲಿ ಉಳಿದಿರುತ್ತವೋ ಇಲ್ಲವೋ ಎಂದು.

ಶ್ರೀಧರ ಫೋನ್ ಮಾಡಿದ. “ವೈನಿ, ನಾ ಕೇಳಬೇಕಿತ್ತು,” ಎಂದ.

“ನಾ ಬರೀಬೇಕಿತ್ತು,” ಎಂದೆ.

ಅರ್ಧ ತಲೆ ಬೋಳಿಸಿದರು. ಬೋಳಿಸಿದ ನರ್ಸ್ ಕೂದಲನ್ನು ಕಸಕ್ಕೆ ಎಸೆಯದೆ ಜಡೆಯಂತೆಯೇ ಜೋಡಿಸಿ ಒಂದು ಪೊಟ್ಟಣದಲ್ಲಿಟ್ಟು ಮೇಧಾಳಿಗೆ ಕೊಟ್ಟಳು. ಹಾಗೆ ಮಾಡೆಂದು ಅವಳಿಗೆ ಯಾವ ನಿಯಮವೂ ಹೇಳಿರಲಿಕ್ಕಿಲ್ಲ. ಶಸ್ತ್ರಚಿಕಿತ್ಸೆ ಮುಗಿದು ಎಚ್ಚರವಾದಾಗ ವೈದ್ಯರು ನನ್ನ ಹೆಸರು, ವರ್ಷ, ಊರು ಕೇಳಿದರು, ಹೇಳಿದೆ. ಅವರು ಹೋದ ಮೇಲೆ ಮನಸ್ಸಿನಲ್ಲೇ ಕಕಾರದಿಂದ ಕಾಗುಣಿತ ಹೇಳಿಕೊಂಡೆ. ಕಃ ಎಂಬಲ್ಲಿಗೆ ಬಂದಾಗ ಅತ್ತೆ. ಎಡಗೈ ಮುಷ್ಟಿ ಕಟ್ಟಿತ್ತು, ನಾನೇ ಕಟ್ಟಿದ್ದೆ.

ಆ ಮಾತ್ರೆಯನ್ನು ನಿಲ್ಲಿಸಲಾಗಿದೆ. ಹೃದಯವನ್ನು ಇಲ್ಲಿಯೇ ತಪಾಸಣೆ ಮಾಡಿದ ವೈದ್ಯರು, ಆ ಮಾತ್ರೆಯ ಅಗತ್ಯವಿಲ್ಲವೆಂದು ಹೇಳಿದ್ದಾರೆ. ಅಣ್ಣನಿಗೆ ತಿಳಿಸಿದಾಗ, “ಒಮ್ಮೆ ತಗೊಂಡದ್ದು ಬಿಡಬಾರದು,” ಎಂದ. ಇದಕ್ಕೆ ಪ್ರತ್ಯುತ್ತರ ನೀಡಿಲ್ಲ.

ಮೂರು ತಿಂಗಳ ನಂತರ, ಉಳಿದಿದ್ದ ತಲೆನೋವು ಮತ್ತು ನಿದ್ರಾಹೀನತೆಗಾಗಿ, ಶಸ್ತ್ರವೈದ್ಯರ ಒಪ್ಪಿಗೆ ಪಡೆದು ಡಾ. ಲಿನ್ ಅವರಲ್ಲಿಗೆ ಮತ್ತೆ ಹೋದೆ. ಕೈಕಾಲುಗಳಿಗೆ, ಕಿವಿಗೆ ಸೂಜಿ ಚುಚ್ಚಿದರು. ಗಾಯದ ಸಮೀಪ ಅಲ್ಲ, ಕಷಾಯವೂ ಇಲ್ಲ. ಎಂಟು ಸಲ ಹೋಗಿ ಬಂದೆ. ನಿದ್ರೆ ಮರಳಿದೆ. ಸೂಜಿಯಿಂದ ಬಂತೋ, ದಿನ ಕಳೆದಂತೆ ಬಂತೋ ಪ್ರಮಾಣೀಕರಿಸಲಾರೆ. ಒಂದು ಮಾತ್ರ ಖಚಿತವಾಗಿ ಹೇಳಬಲ್ಲೆ. ಆ ಮಂಚದ ಮೇಲೆ ಮಲಗಿದ್ದ ಪ್ರತಿ ಬಾರಿಯ ನಲವತ್ತು ನಿಮಿಷ ನನಗೆ ಯಾರೂ ಸಲಹೆ ಕೊಡಲಿಲ್ಲ.

ಕೊನೆಯದಾಗಿ, ಹೋದ ವಾರ ನಡೆದ ಒಂದು ಸಂಗತಿಯನ್ನು ಸಲ್ಲಿಸಿ ಈ ಪತ್ರವನ್ನು ಮುಗಿಸುತ್ತೇನೆ. ಯಜಮಾನರ ವಾರ್ಷಿಕ ತಪಾಸಣೆಗೆ ಫುಲ್‌ಶೀರ್‌ನ ಹೊಸ ಕ್ಲಿನಿಕ್ಕಿಗೆ ಹೋಗಿದ್ದೆವು. ಅವರು ತೊಡೆಯ ಮೇಲೆ ನಮೂನೆ ಇಟ್ಟುಕೊಂಡು ತುಂಬುತ್ತಿದ್ದರು. ನಾನು ಪಕ್ಕದ ಕುರ್ಚಿಯಿಂದ ನೋಡಿದೆ. ಔಷಧಗಳ ಕಾಲಂನಲ್ಲಿ, ಇಷ್ಟೆಲ್ಲ ಆದ ಮೇಲೆ, ‘ಇಲ್ಲ’ ಎಂದು ಬರೆದಿದ್ದರು.

“ಅಲ್ಲರೀ, ಮೊಣಕಾಲಿಗೆ ದಿನಾ ಬಿಸಿನೀರಾಗ ಕಲಸ್ಕೊಂಡು ಕುಡೀತೀರಲ್ಲ, ಅದು?”

“ಅದು ಚೂರ್ಣ. ಔಷಧ ಹ್ಯಾಂಗ ಆದೀತು?”

“ಸಕ್ರಿ ಕಾಯಿಲೆ ಬರಬಾರದು ಅಂತ ನಮ್ಮ ಅಣ್ಣ ಕಳಿಸಿದ ಗುಳಿಗಿ?”

“ಅದು ವಾರಕ್ಕ ಎರಡ ದಿನ ಅಷ್ಟ.”

ನಾನು ವಾದ ಮಾಡಲಿಲ್ಲ. ವಾದ ಮಾಡಲು ವೈದ್ಯರು ಇನ್ನೂ ನನಗೆ ಅನುಮತಿ ನೀಡಿಲ್ಲ. ಎಡಗೈ ಚಾಚಿ ಅವರ ತೊಡೆಯ ಮೇಲಿನ ನಮೂನೆಯನ್ನು ಎತ್ತಿಕೊಂಡೆ. ಆ ಕಾಲಂನ ಪಕ್ಕದ ಖಾಲಿ ಜಾಗದಲ್ಲಿ, ಹನ್ನೊಂದು ವರ್ಷ ಬರೆದ ಅದೇ ದುಂಡಗಿನ ಅಕ್ಷರದಲ್ಲಿ, ‘ಅಪೂರ್ಣವಾಗಿರುವುದರಿಂದ ಮರಳಿಸಿದೆ’ ಎಂದು ಕನ್ನಡದಲ್ಲಿ ಬರೆದು, ಕೆಳಗೆ ಸಹಿ ಮಾಡಿ, ಅವರಿಗೆ ವಾಪಸು ಕೊಟ್ಟೆ.

ಅವರು ಅದನ್ನು ಓದಿದರು. ನನ್ನ ತಲೆಯ ಕಡೆ ನೋಡಿದರು. ಕೂದಲು ಈಗ ಎರಡು ಬೆರಳಿನಷ್ಟು ಬೆಳೆದಿದೆ. ನಂತರ ಕೌಂಟರಿಗೆ ಹೋಗಿ ಇನ್ನೊಂದು ಹೊಸ ನಮೂನೆ ಕೇಳಿ ತಂದು, ನನ್ನ ಪಕ್ಕದಲ್ಲಿ ಕುಳಿತು, “ಹೇಳು, ಬೆಳಿಗ್ಗೆ ಎದ್ದು ಮೊದಲ ಏನು ತಗೋತೀನಿ ನಾನು?” ಎಂದು ಪೆನ್ನು ತೆರೆದರು.

ತಮ್ಮ ಅವಗಾಹನೆಗಾಗಿ ಸಲ್ಲಿಸಿದೆ.

ಸುಮಂಗಲಾ ಕುಲಕರ್ಣಿ
(ಎಡಗೈಯಿಂದ ಕಾಗದ ಹಿಡಿದು, ಬಲಗೈಯಿಂದ ಬರೆದದ್ದು)